ಚಿತ್ರದುರ್ಗ ದರ್ಶನ: ಕಲ್ಲಿನ ಕೋಟೆಯ ನೀರು

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಯಾತ್ರೆಗೆಂದು ಹೊರಟವರು ದರ್ಶನವನ್ನು ತೀರಿಸಿಕೊಂಡು, ದಾಸೋಹದಲ್ಲಿ ಪ್ರಸಾದವನ್ನು ಸ್ವೀಕರಿಸಿ, ಮರಳುವ ಮುನ್ನ ಊರನ್ನೊಮ್ಮೆ ಸುತ್ತಿ ನೋಡುವುದು ಹಿಂದಿನಿಂದ ಬಂದ ವಾಡಿಕೆಯಾಗಿರುವುದು. ಊರನ್ನು ನೋಡುವುದಕ್ಕೂ ಒಂದು ಕ್ರಮವುಂಟು. ಕಣ್ಣಿಗೆ ಮೊದಲು ಬೀಳುವ ದೊಡ್ಡ ವಸ್ತುವನ್ನು ಕಂಡು ಬೆರಗಾಗಿ ಹಿಂದಿರುಗುವುದು ಒಂದು ಬಗೆ. ಆ ದೊಡ್ಡ ವಸ್ತುವು ಯಾವುದರ ಬಲದಿಂದ ನಿಂತಿತೆಂದು ವಿಚಾರಿಸಿ ನೋಡುವುದು ಮತ್ತೊಂದು ಬಗೆ. ಈ ಎರಡನೆಯ ಬಗೆಯಿಂದ ನೋಡತಕ್ಕ ಊರುಗಳಲ್ಲಿ ಚಿತ್ರದುರ್ಗವು ಅಗ್ರಗಣ್ಯವಾದುದು. ಅಲ್ಲಿಗೆ ಹೋದವರೆಲ್ಲರೂ ಕಲ್ಲನ್ನು ಹೊಗಳುವರು. ನೀರನ್ನು ಕೇಳುವವರು ವಿರಳ. ಕಲ್ಲು ಹಗೆಯನ್ನು ತಡೆಯಿತು, ನಿಜ. ಒಳಗಿದ್ದ ಜೀವವನ್ನು ಉಳಿಸಿದ್ದು ನೀರು. ಆದುದರಿಂದ ದುರ್ಗವನ್ನು ನೀರಿನ ಜಾಡು ಹಿಡಿದು ನೋಡಬೇಕೆಂಬುದೇ ಈ ಉಪನ್ಯಾಸದ ತಾತ್ಪರ್ಯ.

ಮೊದಲು ಸ್ಥಳದ ವಿಚಾರ. ಬೆಂಗಳೂರಿಗೆ ವಾಯವ್ಯದಲ್ಲಿ ಸುಮಾರು 200 ಕಿಲೋಮೀಟರು ದೂರದಲ್ಲಿ, ಪುಣೆಗೆ ಹೋಗುವ ಹೆದ್ದಾರಿಯ ಮೇಲೆ ಚಿತ್ರದುರ್ಗವಿರುವುದು. ಬಯಲಿನ ನಡುವೆ ಥಟ್ಟನೆ ಎದ್ದು ನಿಂತ ಬಂಡೆಗಳ ಗುಡ್ಡಸಾಲು ಬಹುದೂರದಿಂದಲೇ ಕಾಣಬರುವುದು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಬಂಡೆಗಳ ವಿಚಿತ್ರವಾದ ಆಕಾರಗಳಿಂದಲೇ ‘ಚಿತ್ರಕಲ್ಲು ದುರ್ಗ’ವೆಂಬ ಹೆಸರಾಯಿತೆಂದು ಹೇಳುವರು. ಹಳೆಯ ಶಾಸನಗಳಲ್ಲಿ ಇದಕ್ಕೆ ಬೆಮ್ಮತ್ತನಕಲ್ಲು ಎಂಬ ಹೆಸರೂ ಉಂಟು. ಭೀಮಸೇನನು ಹಿಡಿಂಬನನ್ನು ಕೊಂದುದು ಈ ಬೆಟ್ಟದ ಮೇಲೆಯೇ ಎಂಬುದು ಸ್ಥಳಪುರಾಣ. ಬೆಟ್ಟದ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲೆಂದು ಹೇಳುವ ವಸ್ತುವೊಂದನ್ನು ಬಂದವರಿಗೆ ತೋರಿಸುವ ಪದ್ಧತಿಯಿತ್ತು.

ಪುರಾಣದ ಕಾಲಕ್ಕಿಂತಲೂ ಹಿಂದಿನ ಸಂಗತಿಯನ್ನು ಈ ಸೀಮೆಯ ಕಲ್ಲುಗಳೇ ಹೇಳುವುವು. ಹಿರಿಯೂರಿನ ಕಡೆಗೆ ಹೋಗುವ ದಾರಿಯಲ್ಲಿ, ಐಮಂಗಲದ ಸಮೀಪದ ಮರಡಿಹಳ್ಳಿಯ ಬಳಿ, ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿರುವುವು. ಭೂಮಿಯ ಒಡಲಿನಿಂದ ಉಕ್ಕಿದ ಶಿಲಾರಸವು ನೀರಿನೊಳಗೆ ಹರಿದು, ಹೊರಮೈ ತಟಕ್ಕನೆ ತಣಿದು, ಉಂಡೆಯುಂಡೆಯಾಗಿ ಗಟ್ಟಿಯಾದುದರಿಂದ ಈ ಆಕಾರವು ಬಂದಿತೆಂದು ಭೂವಿಜ್ಞಾನಿಗಳು ತಿಳಿಸುವರು. ಇವುಗಳ ವಯಸ್ಸನ್ನು ಸುಮಾರು 250 ಕೋಟಿ ವರ್ಷಗಳೆಂದು ಗಣಿಸಿ, ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವರು. ಇಂದು ಒಣಗಿ ನಿಂತ ಈ ನೆಲವು ಒಂದು ಕಾಲದಲ್ಲಿ ನೀರಿನ ಅಡಿಯಲ್ಲಿದ್ದಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಈಗಿನ ಸ್ಥಿತಿಯಾದರೋ ಬೇರೆ. ಸಹ್ಯಾದ್ರಿಯ ಮರೆಯಲ್ಲಿರುವ ಈ ಸೀಮೆಗೆ ವರ್ಷಕ್ಕೆ 25 ಅಂಗುಲದ ಆಸುಪಾಸಿನಷ್ಟು ಮಳೆ ಬೀಳುವುದೇ ದೊಡ್ಡದು. ಅದೂ ವರ್ಷವರ್ಷಕ್ಕೆ ಏರುಪೇರಾಗುವುದು. ಬೆಟ್ಟದ ಮೇಲೆ ನದಿಯಿಲ್ಲ, ಸುತ್ತ ತುಂಬಿ ಹರಿಯುವ ಹೊಳೆಯಿಲ್ಲ. ಇಂತಹ ಒಣ ಬಂಡೆಯ ಮೇಲೆ ಅರಸನೂ, ಪರಿವಾರವೂ, ಆನೆ ಕುದುರೆಗಳೂ, ಸಾವಿರಾರು ಪಡೆಯಾಳುಗಳೂ ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದುಕೊಂಡು ಬದುಕಿದ್ದು ಹೇಗೆ? ಕೋಟೆಯನ್ನು ಹತ್ತುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕ ಪ್ರಶ್ನೆಯು ಇದೇ.

ಊರೊಳಗಿಂದ ಹೊರಟವರು ಮೊದಲು ರಂಗಯ್ಯನ ಬಾಗಿಲನ್ನೂ, ಅದರ ಬಳಿಯ ಪ್ರಾಚ್ಯವಸ್ತು ಸಂಗ್ರಹಾಲಯವನ್ನೂ ನೋಡುವುದು ಒಳ್ಳೆಯದು. ನಾಯಕರು ಆರಾಧಿಸಿದ ಉಚ್ಚಂಗಮ್ಮನ ಗುಡಿಯೂ ಊರಿನಲ್ಲಿಯೇ ಇರುವುದು. ಅಲ್ಲಿಂದ ಮುಂದೆ ಬೆಟ್ಟದ ಬುಡದಲ್ಲಿ ಕೋಟೆಯ ಬಾಗಿಲುಗಳು ಮೊದಲಾಗುವುವು. ಜನರ ಬಾಯಲ್ಲಿ ಇದು ಏಳು ಸುತ್ತಿನ ಕೋಟೆ. ಬಾಗಿಲಿನಿಂದ ಬಾಗಿಲಿಗೆ ದಾರಿಯು ನೇರವಾಗಿ ಹೋಗುವುದಿಲ್ಲ. ಹಾವಿನಂತೆ ಹೊರಳಿ ಹೊರಳಿ ನಡೆಯುವುದು. ಆನೆಯನ್ನು ಓಡಿಸಿ ಕದವನ್ನು ಒಡೆಯಲು ಬಂದ ಹಗೆಗೆ ಓಟದ ಅವಕಾಶವೇ ದೊರೆಯಬಾರದೆಂಬುದು ಇದರ ಮರ್ಮ. ಗೋಡೆಯ ಕಲ್ಲುಗಳನ್ನು ಹತ್ತಿರ ನಿಂತು ನೋಡಬೇಕು. ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕೂಡಿ ಕುಳಿತ ಕಲ್ಲುಗಳು ಹಲವೆಡೆ ಕಾಣುವುವು. ಸುತ್ತಲಿನ ಬಂಡೆಗಳ ಮೇಲೆ ಸಾಲಾಗಿ ಕೊರೆದ ಬೆಣೆಯ ಗುಳಿಗಳಿರುವುವು. ಬಂಡೆಯನ್ನು ಸೀಳಿದವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವನ ಕಾಯಕದ ಗುರುತು ಮಾತ್ರ ಉಳಿದಿರುವುದು.

ಒಳಗೆ ಸ್ವಲ್ಪ ದೂರ ನಡೆದರೆ ಒಂದು ಗುಂಡಿಯೊಳಗೆ ನಾಲ್ಕು ಭಾರಿಯಾದ ಬೀಸುವ ಕಲ್ಲುಗಳು ಕಾಣುವುವು. ಇವು ತುಪಾಕಿ, ಫಿರಂಗಿಗಳಿಗೆ ಬೇಕಾದ ಮದ್ದನ್ನು ಅರೆಯುತ್ತಿದ್ದ ಕಲ್ಲುಗಳು. ಮೇಲೆ ಏರಿದಂತೆ ಏಕನಾಥೇಶ್ವರಿಯ ಗುಡಿ, ಸಂಪಿಗೆ ಸಿದ್ಧೇಶ್ವರನ ಗುಡಿ, ಹಿಡಿಂಬೇಶ್ವರನ ಗುಡಿ, ಕಲ್ಲಿನ ಉಯ್ಯಾಲೆಕಂಬ, ದೀಪಸ್ತಂಭಗಳು ಒಂದೊಂದಾಗಿ ಎದುರಾಗುವುವು. ಮುರುಘಾಮಠದ ಹಳೆಯ ಕಟ್ಟಡವೂ ಇಲ್ಲಿಯೇ ಇರುವುದು. ಊರ ಹೊರಗಿನ ಬೃಹನ್ಮಠವು ಬೇರೆ. ಕಣಜ, ಎಣ್ಣೆಯ ಕೊಳ, ಟಂಕಸಾಲೆ, ಅರಮನೆಯ ಮಣ್ಣಿನ ಗೋಡೆಗಳು ಇವೆಲ್ಲವೂ ಒಂದು ಸಂಸ್ಥಾನವು ಬೆಟ್ಟದ ಮೇಲೆ ಹೇಗೆ ಸಂಸಾರ ಹೂಡಿತ್ತೆಂಬುದನ್ನು ತೋರಿಸುವುವು. ಆ ಮಣ್ಣಿನ ಗೋಡೆಗಳು ಇಷ್ಟು ಮಳೆಗಾಲಗಳನ್ನು ಕಂಡರೂ ಇನ್ನೂ ನಿಂತಿರುವುದು ಆಶ್ಚರ್ಯಕರವಾದುದು.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಿಜಯನಗರದರಸರ ಆಶ್ರಯದಲ್ಲಿ ತಿಮ್ಮಣ್ಣನಾಯಕನಿಂದ ಮೊದಲಾದ ಈ ನಾಯಕರ ಆಳಿಕೆಯು 16ನೆಯ ಶತಮಾನದಿಂದ 1779ರವರೆಗೆ ನಡೆಯಿತು. ಕೊನೆಯ ಮದಕರಿನಾಯಕನು 1754ರಲ್ಲಿ ಪಟ್ಟವೇರಿದನು. ಹೈದರಾಲಿಯು ದುರ್ಗವನ್ನು ಮತ್ತೆ ಮತ್ತೆ ಮುತ್ತಿ 1779ರಲ್ಲಿ ಹಿಡಿದುಕೊಂಡು, ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು. ಈ ಚರಿತ್ರೆಯ ಸಾಮಗ್ರಿಯನ್ನು ಹುಲ್ಲೂರು ಶ್ರೀನಿವಾಸ ಜೋಯಿಸರು ಬಹು ಶ್ರಮದಿಂದ ಸಂಗ್ರಹಿಸಿದರು. ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ವೇ ಮೊದಲಾದ ಕಾದಂಬರಿಗಳ ಮೂಲಕ ಅದನ್ನು ಮನೆಮನೆಗೆ ಮುಟ್ಟಿಸಿದರು. 1972ರಲ್ಲಿ ಬಂದ ‘ನಾಗರಹಾವು’ ಚಲಚ್ಚಿತ್ರವು ಈ ಬಂಡೆಗಳನ್ನು ಊರು ಬಿಟ್ಟು ಕದಲದ ಹೆಂಗಸರು ಮಕ್ಕಳ ಕಣ್ಣಿಗೂ ತಂದಿತು.

ಈಗ ನೀರಿನ ಕಡೆಗೆ ತಿರುಗೋಣವಾಗಲಿ. ಗುಡಿಗಳನ್ನು ದಾಟಿ ಮೇಲೆ ಹೋದರೆ ಗೋಪಾಲಸ್ವಾಮಿಯ ದೇವಾಲಯವೂ, ಅದರ ಬಳಿ ಗೋಪಾಲಸ್ವಾಮಿ ಹೊಂಡವೂ ಕಾಣುವುವು. ಹೊಂಡದ ದಡದಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಬೇಕು. ಬೋಳುಬಂಡೆಯ ಮೇಲೆ ಬಿದ್ದ ಮಳೆಯು ಇಂಗುವುದಿಲ್ಲ, ಬಿದ್ದಷ್ಟೂ ಹರಿಯುವುದು. ರೈತನಿಗೆ ಕೇಡೆನಿಸುವ ಈ ಗುಣವನ್ನೇ ದುರ್ಗದ ಶಿಲ್ಪಿಗಳು ಉಪಕಾರವಾಗಿ ಮಾಡಿಕೊಂಡರು. ಸುತ್ತಲಿನ ಬಂಡೆಗಳ ಇಳಿಜಾರೆಲ್ಲವೂ ಅವರಿಗೆ ನೀರು ಹಿಡಿಯುವ ಮಾಳಿಗೆಯಾಯಿತು. ಬಂಡೆಗಳ ನಡುವಣ ತಗ್ಗಿಗೆ ಕಟ್ಟೆಯನ್ನು ಕಟ್ಟಿದರು. ಕೆಳಗೆ ಕಲ್ಲೇ ಇದ್ದುದರಿಂದ ನಿಂತ ನೀರು ಸೋರಿಹೋಗಲಿಲ್ಲ. ಮೇಲಿನ ಹೊಂಡವು ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಮುಂದೆ ಬೆಟ್ಟವನ್ನಿಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೆ ಸಾಗುವುದು. ಮೇಲಿನವರು ಕುಡಿದು ಉಳಿದುದು ಕೆಳಗಿನವರಿಗೆ. ಕೋಟೆಯೊಳಗಿನವರಿಗೆ ಸಾಕಾಗಿ ಮಿಕ್ಕುದು ಪೇಟೆಯವರಿಗೆ. ಬಿದ್ದ ಒಂದು ಮಳೆಯು ಒಂದೇ ಕಡೆ ನಿಲ್ಲದೆ ಹಲವರ ಬಾಯಾರಿಕೆಯನ್ನು ತೀರಿಸಿ ಮುಂದಕ್ಕೆ ಹೋಗುವ ಈ ಏರ್ಪಾಟನ್ನು ನೋಡಿದಾಗ ದಾಸೋಹವೆಂಬ ಮಾತಿನ ಅರ್ಥವು ಕಣ್ಣೆದುರಿಗೆ ನಿಂತಂತಾಗುವುದು.

ಅಕ್ಕತಂಗಿಯರ ಹೊಂಡಕ್ಕೆ ಒಂದು ಕರುಣಕಥೆಯು ಅಂಟಿಕೊಂಡಿರುವುದು. ದುರ್ಗವು ಹಗೆಯ ಕೈಸೇರಿದಾಗ ಮದಕರಿನಾಯಕನ ರಾಣಿಯರಿಬ್ಬರು ಈ ನೀರಿನಲ್ಲಿಯೇ ಪ್ರಾಣವನ್ನು ಬಿಟ್ಟರೆಂದು ಜನರು ಹೇಳುವರು. ಇದು ಬಾಯಿಂದ ಬಾಯಿಗೆ ಬಂದ ಮಾತು. ಆದರೂ ದಡದಲ್ಲಿ ನಿಂತವರು ಧ್ವನಿಯನ್ನು ತಗ್ಗಿಸಿಯೇ ಮಾತನಾಡುವರು.

ನೀರಿನ ಕಥೆಗಳಲ್ಲೆಲ್ಲ ಹಿರಿದಾದುದು ಓಬವ್ವನದು. ಕೋಟೆಯ ಕಾವಲಿನ ಕಹಳೆಯವನ ಹೆಂಡತಿ ಈ ಓಬವ್ವ. ಗಂಡನು ಊಟಕ್ಕೆಂದು ಮನೆಗೆ ಬಂದಿದ್ದಾಗ, ಕುಡಿಯುವ ನೀರಿಲ್ಲದುದರಿಂದ ಆಕೆಯು ಕೊಡವನ್ನು ತೆಗೆದುಕೊಂಡು ಹೊರಟಳು. ಬಂಡೆಗಳ ಸಂದಿನಲ್ಲಿದ್ದ ಕಿಂಡಿಯೊಂದರ ಆಚೆ ಪಿಸುಮಾತು ಕೇಳಿಸಿತು. ಹೈದರನ ಸೈನಿಕರು ಒಬ್ಬೊಬ್ಬರಾಗಿ ಅದರೊಳಗಿಂದ ನುಸುಳಿ ಬರುತ್ತಿದ್ದರು. ಉಣ್ಣುವವನನ್ನು ಎಬ್ಬಿಸದೆ, ಮನೆಯ ಒನಕೆಯನ್ನೇ ಹಿಡಿದು ಕಿಂಡಿಯ ಬಳಿ ನಿಂತು, ತಲೆ ಹಾಕಿದವರನ್ನು ಹಾಕಿದ ಹಾಗೆಯೇ ಬಡಿದು ಕೆಡವಿದಳೆಂಬುದು ನಾಡೆಲ್ಲ ಬಲ್ಲ ಕಥೆ. ಕಿಂಡಿಯನ್ನು ಇಂದಿಗೂ ಓಬವ್ವನ ಕಿಂಡಿಯೆಂದೇ ಕರೆಯುವರು. ಅದರ ಬಳಿಯಲ್ಲಿಯೇ ತಣ್ಣೀರು ದೋಣಿಯೆಂಬ ಪುಟ್ಟ ಜಲಾಶ್ರಯವಿರುವುದು. ಬಂಡೆಯ ನೆರಳಿನಲ್ಲಿ ಅದರ ನೀರು ಹೆಸರಿಗೆ ತಕ್ಕಂತೆ ತಣ್ಣಗಿರುವುದು. ನೋಡಹೋದವರು ಕಿಂಡಿಯಲ್ಲಿ ನುಸುಳಿ ನಗುತ್ತ ಹೊರಬರುವರು. ದೋಣಿಯನ್ನು ಕಣ್ಣೆತ್ತಿ ನೋಡುವವರು ಕಡಿಮೆ. ಆದರೆ ವಿಚಾರಿಸಿದರೆ, ಆ ದಿನ ಆ ತಾಯಿಯನ್ನು ಆ ಸ್ಥಳಕ್ಕೆ ಕರೆತಂದುದು ನೀರೇ ಅಲ್ಲವೇ? ಕೊಡ ಹಿಡಿದು ಹೋದವಳು ಕೋಟೆಯನ್ನು ಕಾದಳು. 2021ರಿಂದ ಸರಕಾರವು ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿರುವುದು ಉಚಿತವಾಗಿಯೇ ಇರುವುದು.

ಕೋಟೆಯನ್ನು ಇಳಿದವರು ಅದೇ ದಿನದ ಸಂಜೆಯನ್ನು ಚಂದ್ರವಳ್ಳಿಗೆ ಮೀಸಲಿಡಬೇಕು. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಣ ಕಣಿವೆಯಲ್ಲಿ ಕೆರೆಯೂ ತೋಪೂ ಇದ್ದು, ಸ್ಥಳವು ಅತ್ಯಂತ ರಮಣೀಯವಾಗಿರುವುದು. ಈಗ ನಿಶ್ಶಬ್ದವಾಗಿರುವ ಈ ಕಣಿವೆಯಲ್ಲಿ ಕೋಟೆಗಿಂತ ಬಹಳ ಹಿಂದೆಯೇ ಒಂದು ಪಟ್ಟಣವಿದ್ದಿತು. ಮೈಸೂರು ಪುರಾತತ್ತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು 1929ರಲ್ಲಿಯೂ, ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು 1947ರಲ್ಲಿಯೂ ಇಲ್ಲಿ ನೆಲವನ್ನು ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳೂ, ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ನಾಣ್ಯಗಳೂ ದೊರೆತುವು. ಕಡಲಾಚೆಯ ಹಣವು ಈ ಕಣಿವೆಯವರೆಗೆ ನಡೆದುಬಂದಿದ್ದಿತೆಂದರೆ ಇಲ್ಲಿನ ವ್ಯಾಪಾರವು ಎಷ್ಟರದಾಗಿರಬೇಕೆಂದು ಊಹಿಸಬಹುದು.

ಇಲ್ಲಿನ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಬನವಾಸಿಯ ಕದಂಬವಂಶದ ಮೂಲಪುರುಷನಾದ ಮಯೂರಶರ್ಮನ ಶಾಸನವಿರುವುದು. ಕಾಲ 4ನೆಯ ಶತಮಾನ; ಭಾಷೆ ಪ್ರಾಕೃತ; ಇರುವುದು ಕೆಲವೇ ಪಂಕ್ತಿಗಳು. ಪಲ್ಲವರೇ ಮೊದಲಾದ ಹಲವು ರಾಜ್ಯಗಳನ್ನು ಅವನು ಗೆದ್ದನೆಂದು ಅದರಲ್ಲಿ ಓದಿರುವರು. ಆದರೆ ಆ ಬರಹವನ್ನು ಬರೆಯಿಸಿದ ಕಾರಣವು ಗೆಲವಲ್ಲ. ಅವನು ಮಾಡಿಸಿದ ಒಂದು ಕೆರೆಯ ಕೆಲಸ. ಕನ್ನಡನಾಡಿನ ಮೊದಲ ರಾಜಮನೆತನದ ಮೊದಲ ದೊರೆಯು ತನ್ನ ಹೆಸರನ್ನು ಬಂಡೆಯ ಮೇಲೆ ಕೆತ್ತಿಸಬೇಕಾದಾಗ ಕೆರೆಯನ್ನು ಮುಂದಿಟ್ಟನು. ಅವನು ಗೆದ್ದ ರಾಜ್ಯಗಳು ಯಾರ ಯಾರ ಪಾಲಾದುವೋ. ಕೆರೆಯ ಮಾತು ಮಾತ್ರ 1,600 ವರ್ಷಗಳಿಗೂ ಮಿಕ್ಕಿ ನಿಂತಿರುವುದು.

ಚಂದ್ರವಳ್ಳಿಯಲ್ಲಿಯೇ ಅಂಕಲಿಮಠವೆಂಬ ಗುಹಾಮಠವಿರುವುದು. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಯತಿಗಳೊಬ್ಬರು ಇಲ್ಲಿ ತಪಸ್ಸು ಮಾಡಿದುದರಿಂದ ಈ ಹೆಸರು ಬಂದಿತೆಂದು ಪ್ರತೀತಿ. ಬಂಡೆಯ ಕೆಳಗೆ ಕೋಣೆಯಿಂದ ಕೋಣೆಗೆ ಇಳಿಯುತ್ತ ಹೋಗುವ ಈ ನೆಲಮನೆಯಲ್ಲಿ ಲಿಂಗಪೂಜೆಯ ಕೋಣೆ, ಮಲಗುವ ಕಟ್ಟೆ, ಗೋಡೆಯ ಮೇಲೆ ಬಣ್ಣದ ಚಿತ್ತಾರದ ಉಳಿಕೆಗಳು ಕಾಣುವುವು. ಒಳಗೆ ಹಗಲಿನಲ್ಲಿಯೂ ಕಗ್ಗತ್ತಲೆ. ದಾರಿ ಬಲ್ಲವರ ಜೊತೆಯಿಲ್ಲದೆ, ಕೈಯಲ್ಲಿ ದೀಪವಿಲ್ಲದೆ ಇಳಿಯತಕ್ಕದ್ದಲ್ಲ. ಹೊರಗೆ ಬಿಸಿಲು ಉರಿಯುತ್ತಿರುವಾಗಲೂ ಒಳಗಿನ ತಂಪು ಮೈಯನ್ನು ಮುಟ್ಟುವುದು. ಒಳಗೆ ಕೆಲವು ಕ್ಷಣ ದೀಪವನ್ನು ಮರೆಮಾಡಿ ಮಾತಿಲ್ಲದೆ ನಿಂತವರಿಗೆ ಏಕಾಂತವೆಂದರೇನೆಂಬುದು ಹೇಳದೆಯೇ ತಿಳಿಯುವುದು.

ಎರಡನೆಯ ದಿನವನ್ನು ಊರ ದಕ್ಷಿಣಕ್ಕಿರುವ ಜೋಗಿಮಟ್ಟಿಯ ಕಾಡಿಗೆ ಕೊಡಬೇಕು. ಬಯಲುಸೀಮೆಯ ನಡುವೆ ಮಂಜು ಮುಸುಕುವ ಬೆಟ್ಟಸಾಲು ಇದು. ಚಿರತೆ, ಕರಡಿ, ನವಿಲು ಮೊದಲಾದ ಮೃಗಪಕ್ಷಿಗಳಿಗೆ ಆಶ್ರಯವಾದ ಈ ಕಾಡನ್ನು 2015ರಲ್ಲಿ ವನ್ಯಜೀವಿಧಾಮವೆಂದು ಸಾರಿದರು. ದಾರಿಯಲ್ಲಿ ಆಡುಮಲ್ಲೇಶ್ವರನ ಸನ್ನಿಧಿಯೂ, ಮಕ್ಕಳಿಗೆ ಪ್ರಿಯವಾದ ಕಿರು ಮೃಗಾಲಯವೂ ಇರುವುವು. ಬೆಟ್ಟಸಾಲಿನಲ್ಲಿ ಹಿಮವತ್ಕೇದಾರವೆಂಬ ಶಿವಸ್ಥಾನವು ನೀರಿನ ಒರತೆಯಿಂದ ಪ್ರಸಿದ್ಧವಾಗಿರುವುದು. ನೆತ್ತಿಯ ಮೇಲೆ ನಿಂತರೆ ಗಾಳಿಯ ಬಲಕ್ಕೆ ತಿರುಗುವ ವಿದ್ಯುದ್ಯಂತ್ರಗಳು ಗುಡ್ಡಗುಡ್ಡಗಳ ಮೇಲೆ ಸಾಲುಗಟ್ಟಿರುವುದು ಕಾಣುವುದು. ಕೋಟೆಯ ಬೋಳುಬಂಡೆಯು ಮಳೆಯನ್ನು ಹರಿಯಿಸಿ ಹೊಂಡಕ್ಕೆ ಕೊಡುವುದು. ಜೋಗಿಮಟ್ಟಿಯ ಮಣ್ಣೂ ಮರವೂ ಅದೇ ಮಳೆಯನ್ನು ಹೀರಿ ಒರತೆಯಾಗಿ ಮೆಲ್ಲಮೆಲ್ಲನೆ ಬಿಡುವುವು. ಒಂದು ಮನುಷ್ಯನ ಕೈ, ಇನ್ನೊಂದು ಪ್ರಕೃತಿಯ ಕೈ. ಇವೆರಡನ್ನೂ ಒಂದೇ ಊರಿನಲ್ಲಿ ನೋಡುವ ಯೋಗವು ಎಲ್ಲೆಡೆಯೂ ದೊರೆಯತಕ್ಕುದಲ್ಲ.

ಇನ್ನೂ ಬಿಡುವಿದ್ದವರು ಎರಡು ಸ್ಥಳಗಳಿಗೆ ಹೋಗಿಬರಬಹುದು. ಒಂದು, ಹಿರಿಯೂರಿನ ಬಳಿಯ ಮಾರಿಕಣಿವೆ. ಅಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟಿಗೆ ಮೈಸೂರಿನ ರಾಜಮಾತೆಯವರ ಹೆಸರಿನಿಂದ ವಾಣಿವಿಲಾಸಸಾಗರವೆಂದು ಹೆಸರಾಯಿತು. ಅದು 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಬಳಿಕ, 2022ರಲ್ಲಿ. ಒಂದು ತಲೆಮಾರಿಗೆ ತಲೆಮಾರೇ ಅದರ ಕೋಡಿಯನ್ನು ಕಾಣದೆ ಹೋಯಿತೆಂದರೆ ಈ ಸೀಮೆಯಲ್ಲಿ ನೀರಿಗಿರುವ ಬೆಲೆಯು ಗೊತ್ತಾಗುವುದು. ಇನ್ನೊಂದು, ಚಳ್ಳಕೆರೆಯ ಸೀಮೆಯ ನಾಯಕನಹಟ್ಟಿ. ಅಲ್ಲಿನ ತಿಪ್ಪೇರುದ್ರಸ್ವಾಮಿಗಳು ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದ ಮಹನೀಯರೆಂದು ಇಂದಿಗೂ ಭಕ್ತರು ನೆನೆಯುವರು. ಫಾಲ್ಗುಣಮಾಸದಲ್ಲಿ ನಡೆಯುವ ಅವರ ಮಹಾರಥೋತ್ಸವಕ್ಕೆ ಲಕ್ಷಾಂತರ ಜನರು ಸೇರುವರು. ತೇರಿನ ಹಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ಆ ಕೆರೆಯ ಏರಿಯ ಮೇಲೆಯೂ ನಾಲ್ಕು ಹೆಜ್ಜೆ ನಡೆದುಬಂದರೆ ಯಾತ್ರೆಯು ಪೂರ್ಣವಾಗುವುದು.

ಭಕ್ತಮಹಾಶಯರೇ, ಕೊನೆಯದಾಗಿ ಒಂದು ಕಹಿಯಾದ ಸಂಗತಿಯನ್ನು ಹೇಳದೆ ಈ ಪ್ರಸ್ತಾವವನ್ನು ಮುಗಿಸುವುದು ಸರಿಯಾಗಲಾರದು. ಬಿದ್ದ ಮಳೆಯನ್ನೇ ಹಿಡಿದಿಟ್ಟು ಕುಡಿದ ಈ ಪಟ್ಟಣವು ಇಂದು ಕುಡಿಯುವ ನೀರಿಗೆ ದೂರದ ವಾಣಿವಿಲಾಸಸಾಗರವನ್ನೂ ಚನ್ನಗಿರಿ ಸೀಮೆಯ ಶಾಂತಿಸಾಗರವನ್ನೂ ನೆಚ್ಚಿಕೊಂಡಿರುವುದು. ಊರು ಬೆಳೆದಿರುವುದರಿಂದ ಇದು ಅನಿವಾರ್ಯವೇ ಸರಿ, ಅದನ್ನು ತಪ್ಪೆನ್ನಲಾಗದು. ಆದರೆ ಕೊಳವೆಯಲ್ಲಿ ನೀರು ಬರತೊಡಗಿದಂದಿನಿಂದ ಊರೊಳಗಿನ ಹೊಂಡಗಳ ಮೇಲಣ ಗೌರವವು ಇಳಿಯಿತು. ಅಜ್ಜಂದಿರು ಕಾಲು ತೊಳೆದು ಮೆಟ್ಟಿಲಿಳಿಯುತ್ತಿದ್ದ ನೀರಿಗೆ ಮೊಮ್ಮಕ್ಕಳು ಕಸವನ್ನು ಎಸೆಯುವರು. ಬೆಟ್ಟದ ಮೇಲೆಯೂ ನೋಡಲು ಬಂದವರು ಬಿಸಾಡಿದ ಬಾಟಲಿಗಳು ಹೊಂಡದಲ್ಲಿ ತೇಲುವುದುಂಟು. ಬಂಡೆಯ ಮೇಲೆ ತಮ್ಮ ಹೆಸರನ್ನು ಬಳಿದು ಹೋಗುವವರೂ ಉಂಟು. ಕೆರೆಯನ್ನು ಮಾಡಿಸಿದವನು ಬಂಡೆಯ ಮೇಲೆ ಹೆಸರು ಕೆತ್ತಿಸಿದರೆ ಅದು ಶಾಸನ. ಏನನ್ನೂ ಮಾಡದವನು ಬಳಿದರೆ ಅದು ಬರಿಯ ಮಸಿ. ಕೋಟೆಯನ್ನು ಕಾಯುವ ಭಾರವು ಭಾರತೀಯ ಪುರಾತತ್ತ್ವ ಇಲಾಖೆಯದು. ಆದರೆ ಬಂದವನ ಕೈಯನ್ನು ಯಾವ ಇಲಾಖೆಯೂ ಹಿಡಿದು ನಿಲ್ಲಿಸಲಾರದು. ಅದನ್ನು ಅವನ ಮನಸ್ಸೇ ಹಿಡಿಯಬೇಕು.

ಹಾಗಾದರೆ ದುರ್ಗಕ್ಕೆ ಹೋಗುವ ಭಕ್ತನು ಮಾಡಬೇಕಾದುದೇನು? ಮಳೆಗಾಲವು ಕಳೆದು ಹೊಂಡಗಳು ತುಂಬಿರುವ ಆಶ್ವಯುಜ ಕಾರ್ತಿಕಗಳಲ್ಲಿ ಹೋಗಬೇಕು. ಬಿಸಿಲೇರುವ ಮುನ್ನ ಬೆಟ್ಟವನ್ನು ಹತ್ತಬೇಕು. ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಬತೇರಿಯನ್ನು ತೋರಿಸಿದ ಮೇಲೆ ಹೊಂಡವನ್ನೂ ತೋರಿಸಿ, ಮೇಲಿನ ನೀರು ಕೆಳಗಿಳಿದ ದಾರಿಯನ್ನು ಅವರಿಂದಲೇ ಹುಡುಕಿಸಬೇಕು. ತಂದ ಬುತ್ತಿಯ ಎಲೆಯನ್ನೂ ಬಾಟಲಿಯನ್ನೂ ತಂದವರೇ ಹಿಂದಕ್ಕೆ ಒಯ್ಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಊರಿಗೆ ಮರಳಿದ ಮೇಲೆ ಅಲ್ಲಿನ ಹೂಳು ತುಂಬಿದ ಕೆರೆಯ ದಡದಲ್ಲಿ ಒಂದು ಗಳಿಗೆ ನಿಂತು ದುರ್ಗವನ್ನು ನೆನೆಯಬೇಕು. ಅಂದು ಒಂದು ಬುಟ್ಟಿ ಹೂಳನ್ನು ಹೊತ್ತರೂ ಆ ಭಕ್ತನ ದುರ್ಗದರ್ಶನವು ಸಾರ್ಥಕವಾಗುವುದು.

ಏಳು ಸುತ್ತಿನ ಕೋಟೆಯು 1779ರಲ್ಲಿ ಬಿದ್ದಿತು. ಆ ವರ್ಷದ ಮಳೆಗೂ, ಮರುವರ್ಷದ ಮಳೆಗೂ, ಮೊನ್ನೆಯ ಮಳೆಗೂ ಗೋಪಾಲಸ್ವಾಮಿ ಹೊಂಡವು ತನ್ನ ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿರುವುದು. ಅರಸರು ಹೋದರು, ಹಗೆಗಳು ಹೋದರು. ಯಾರಿಗಾಗಿ ಎಂದು ಕೇಳದೆ ನೀರನ್ನು ಹಿಡಿದಿಡುವ ಕಲ್ಲು ಮಾತ್ರ ಅಲ್ಲಿಯೇ ಇರುವುದು. ಅದನ್ನು ನೋಡಿಬರುವ ಭಾಗ್ಯವು ಇಲ್ಲಿ ನೆರೆದವರೆಲ್ಲರಿಗೂ ದೊರೆಯಲಿ, ಸಕಾಲದಲ್ಲಿ ಮಳೆಯಾಗಲಿ, ನಾಡಿನ ಕೆರೆಹೊಂಡಗಳು ತುಂಬಲಿ. ಶುಭಮಸ್ತು.